ಎರಡನೆಯ ಉಂಗುರ

ಅಪ್ಪನಿಗೆ ಎರಡನೆಯ ಉಂಗುರ ಕಂಡದ್ದು ಒಂದು ಮಂಗಳವಾರ ಬೆಳಗ್ಗೆ, ಇನ್ನೂ ಹಲ್ಲುಜ್ಜುವ ಮೊದಲು. ನಾನು ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಬಾಚಣಿಗೆ ಹಿಡಿದು ಓಡಾಡುತ್ತಿದ್ದೆ. ಅಪ್ಪ ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದು ಬಾಚಣಿಗೆ ಕಿತ್ತುಕೊಂಡ.

"ತಲೆ ಆಮೇಲೆ ಬಾಚ್ಕೋ. ಬಾ ಇಲ್ಲಿ."

"ಎಂಟಕ್ಕೆ ಡ್ಯೂಟಿ ಅಪ್ಪ."

"ಮೂಳೆ ಮುರಿದವರು ಎಲ್ಲಿಗೂ ಓಡಿ ಹೋಗಲ್ಲ. ಬಾ ಅಂದ್ರೆ ಬಾ."

ಪರದೆಯ ನಡುವೆ ನಮ್ಮ ನೀಹಾರಿಕೆ ಇತ್ತು. 'ನಮ್ಮ' ಅನ್ನುವುದು ಅಪ್ಪನ ಮಾತು. ಪಟ್ಟಿಗಳಲ್ಲಿ ಅದಕ್ಕೆ ಇರುವುದು ಬರೀ ಒಂದು ನಂಬರು. ದಕ್ಷಿಣದ ಆಕಾಶದಲ್ಲಿ, ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ದಿನಕ್ಕೆ ಎರಡೂವರೆ ಗಂಟೆ ಸಿಗುವ ಒಂದು ಪುಟ್ಟ ಉಂಗುರ. ಇಂಥವನ್ನು ಗ್ರಹ ನೀಹಾರಿಕೆ ಎನ್ನುತ್ತಾರೆ. ಗ್ರಹಕ್ಕೂ ಇದಕ್ಕೂ ಸುತರಾಂ ಸಂಬಂಧವಿಲ್ಲ. ಹಿಂದಿನವರು ಸಣ್ಣ ದೂರದರ್ಶಕದಲ್ಲಿ ನೋಡಿ ಗ್ರಹದ ಹಾಗಿದೆ ಅಂದರು, ಹೆಸರು ಅಂಟಿಕೊಂಡಿತು. ಮುದಿ ನಕ್ಷತ್ರವೊಂದು ಮೈಮೇಲಿನ ಅನಿಲವನ್ನು ಕಳಚಿ ಹಾಕಿದಾಗ ಹೀಗೆ ಕಾಣುತ್ತದೆ, ಅಷ್ಟೇ. ಹನ್ನೆರಡು ರಾತ್ರಿ ತೆಗೆದ ನೂರಾರು ಫೋಟೊಗಳನ್ನು ಒಂದರ ಮೇಲೊಂದು ಕೂಡಿಸಿ ಮಾಡಿದ ಚಿತ್ರ ಅದು.

"ಉಂಗುರದ ಹೊರಗೆ ನೋಡು," ಎಂದ ಅಪ್ಪ, ಪರದೆ ಮುಟ್ಟದೆ ಗಾಳಿಯಲ್ಲೇ ಕಿರುಬೆರಳು ಸುತ್ತಿಸುತ್ತ.

ನೋಡಿದೆ. ಉಂಗುರದಿಂದ ಸ್ವಲ್ಪ ಆಚೆಗೆ, ಅದನ್ನು ಬಳಸಿಕೊಂಡು, ತೀರ ಮಸುಕಾದ ಇನ್ನೊಂದು ಉಂಗುರ.

"ಇದು ಯಾವ ಪುಸ್ತಕದಲ್ಲೂ ಇಲ್ಲ. ಯಾರು ತೆಗೆದ ಫೋಟೊದಲ್ಲೂ ಇಲ್ಲ. ಬೆಳಗಿನ ಜಾವದಿಂದ ಹುಡುಕ್ತಾ ಇದೀನಿ."

"ಅಷ್ಟು ದೊಡ್ಡ ದೊಡ್ಡ ದೂರದರ್ಶಕದವರಿಗೆ ಕಾಣದೇ ಇದ್ದದ್ದು ನಮಗೆ ಹೇಗೆ ಕಾಣ್ತು?"

"ಅವರಿಗೆ ನೂರೆಂಟು ಕೆಲಸ. ಇದೊಂದನ್ನೇ ಹನ್ನೆರಡು ರಾತ್ರಿ ನೋಡ್ತಾ ಕೂರೋಕೆ ಅವರೇನು ಕೆಲಸ ಇಲ್ಲದ ಮುದುಕರಾ?" ಎಂದು ನಕ್ಕ. ಅವತ್ತು ನಾನು ತಲೆ ಬಾಚದೆಯೇ ಆಸ್ಪತ್ರೆಗೆ ಹೋದೆ.

ಅಪ್ಪ ನಲವತ್ತು ವರ್ಷ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿದವನು. ಕಾಲು ನಂಬರಿನಷ್ಟು ಹೆಚ್ಚುಕಡಿಮೆಯಾದರೂ ಗಾಜನ್ನು ಬುಟ್ಟಿಗೆ ಎಸೆದು ಮೊದಲಿನಿಂದ ಶುರುಮಾಡುತ್ತಿದ್ದ. ಅದಕ್ಕೇ ಅಂಗಡಿಯಲ್ಲಿ ಅವನಿಗೆ 'ಕಾಲು ನಂಬರ್' ಎಂದೇ ಹೆಸರು. ಕೆಲಸ ಬಿಟ್ಟ ಮೇಲೆ ಕೈ ಸುಮ್ಮನಿರದೆ ಎಂಟಿಂಚಿನ ದಪ್ಪ ಗಾಜು ತರಿಸಿ, ಒಂದೂವರೆ ವರ್ಷ ಉಜ್ಜಿ, ದೂರದರ್ಶಕಕ್ಕೆ ಕನ್ನಡಿ ಮಾಡಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಹೆಗ್ಗಣ ನೋಡಿದವರಿಗೂ ಮುದ್ದಾಗಿತ್ತು. ಆಕಾಶ ನೋಡುವವರ ಸಂಘದ ಇಂಜಿನಿಯರುಗಳು, ಪ್ರೊಫೆಸರುಗಳು ತಮ್ಮ ದುಬಾರಿ ಕನ್ನಡಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಿಪೇರಿಗೆ ನಮ್ಮ ಮನೆಗೆ ಬರತೊಡಗಿದರು. ಅಪ್ಪ ಸರಿಮಾಡಿ ಕೊಡುತ್ತಿದ್ದ. ಅವರು ಸಭೆಯಲ್ಲಿ ಭಾಷಣ ಮಾಡುವಾಗ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆಯನ್ನೂ ತಟ್ಟುತ್ತಿದ್ದ. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನನ್ನು ಮಾತಾಡು ಎಂದು ಯಾರೂ ಕರೆದಿರಲಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿತ್ತು. ಅಪ್ಪನಿಗೆ ಇತ್ತೋ ಇಲ್ಲವೋ, ಅವನು ಆ ಬಗ್ಗೆ ತುಟಿ ಪಿಟಕ್ಕೆಂದವನಲ್ಲ.

ನಾನು ಎಕ್ಸ್‌ರೇ ಟೆಕ್ನೀಷಿಯನ್. ಇಪ್ಪತ್ತೆರಡು ವರ್ಷದ ಸರ್ವಿಸು. ಮನೆಯಲ್ಲಿ ನಾವಿಬ್ಬರು ಮತ್ತು ರೈಲಿನ ಗಾರ್ಡ್ ಆಗಿ ತಿಂಗಳಲ್ಲಿ ಹದಿನೈದು ದಿನ ಹಳಿಯ ಮೇಲೆಯೇ ಇರುವ ನನ್ನ ಗಂಡ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ದೂರದರ್ಶಕದ ಕೆಲಸವನ್ನು ಅಪ್ಪ, ನಾನು ಹಂಚಿಕೊಂಡಿದ್ದೆವು. ಕನ್ನಡಿ, ಮೋಟರು, ಗುರಿ ಇಡುವುದು ಅವನ ಪಾಲು. ಕ್ಯಾಮೆರಾ, ಕಂಪ್ಯೂಟರು, ಶುಚಿ ನನ್ನ ಪಾಲು.

ಈ ಶುಚಿಯಿಂದಲೇ ಎಡವಟ್ಟಾದದ್ದು.

ಮೊದಲು ಒಂದು ಮಾತು ಹೇಳಬೇಕು. ಆಕಾಶದ ಫೋಟೊ ತೆಗೆಯುವವರು ಬಿಳಿ ಫೋಟೊವನ್ನೂ ತೆಗೆಯುತ್ತಾರೆ. ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಅದರ ಮೇಲೆ ಸಮನಾಗಿ ಬೆಳಕು ಬಿಟ್ಟು, ಖಾಲಿ ಬಿಳುಪನ್ನೇ ಫೋಟೊ ಮಾಡುವುದು. ಎಲ್ಲಿ ಬೆಳಕು ಕಡಿಮೆ ಬೀಳುತ್ತದೆ, ಗಾಜಿನ ಮೇಲೆ ಎಲ್ಲಿ ಧೂಳು ಕೂತಿದೆ ಎಂಬುದು ಅದರಲ್ಲಿ ಸಿಕ್ಕಿಬೀಳುತ್ತದೆ. ಕಂಪ್ಯೂಟರು ಅದನ್ನು ನೋಡಿಕೊಂಡು ಆಕಾಶದ ಫೋಟೊದಲ್ಲಿ ಆ ಜಾಗಗಳನ್ನು ಅಷ್ಟಷ್ಟು ಬೆಳಗಿಸಿ ಸರಿದೂಗಿಸುತ್ತದೆ. ನಮ್ಮದರಂಥ ದೂರದರ್ಶಕದ ಬಾಯಲ್ಲಿ ಅಡ್ಡಲಾಗಿ ಪುಟ್ಟ ಕನ್ನಡಿಯೊಂದು ಇರುವುದರಿಂದ ಧೂಳಿನ ನೆರಳು ಚುಕ್ಕೆಯಾಗಿ ಬೀಳದೆ ಬಳೆಯ ಆಕಾರದಲ್ಲಿ ಬೀಳುತ್ತದೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ಗುಂಡಿಗೆ ಬಿದ್ದವಳು ನಾನು.

ಬುಧವಾರ ಸಂಘದ ಕಾರ್ಯದರ್ಶಿ ಬಂದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ನಿಧಾನದ ಮನುಷ್ಯ. ಪರದೆಯ ಮುಂದೆ ಕೂತವರು ಟೀ ಆರಿಹೋಗುವವರೆಗೆ ಏಳಲಿಲ್ಲ.

"ಯಜಮಾನ್ರೇ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ವರ್ಷದ ಸಭೆ. ಈ ಸಲ ನೀವೇ ಮಾತಾಡಬೇಕು. ದೊಡ್ಡ ವೀಕ್ಷಣಾಲಯದ ವಿಜ್ಞಾನಿಯೊಬ್ಬರನ್ನೂ ಕರೀತೀನಿ."

"ನಾನಾ? ನನಗೇನು ಮಾತಾಡೋಕೆ ಬರುತ್ತೆ?" ಎಂದ ಅಪ್ಪ. ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು. ಅವರು ಹೋದ ಮೇಲೆ ಟ್ರಂಕಿನಿಂದ ಹಳೆಯ ಉಜ್ಜುವ ಸಾಮಾನು ತೆಗೆದ. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟವನು ತಾನು ಹತ್ತು ವರ್ಷದಿಂದ ಗೀರುಬಿದ್ದ ಕನ್ನಡಕದಲ್ಲೇ ಕಾಲ ಹಾಕಿದ್ದ. ಈಗ ಭಾಷಣ ಓದಲು ತನಗೇ ಹೊಸ ಗಾಜು ಉಜ್ಜತೊಡಗಿದ. ನೆಲಕ್ಕೆ ಅವನ ಕಾಲು ತಾಗುತ್ತಿರಲಿಲ್ಲ.

ಮಾರನೆಯ ದಿನ, ಗುರುವಾರ, ಆಸ್ಪತ್ರೆಯಲ್ಲಿ ರೇಡಿಯಾಲಜಿ ಡಾಕ್ಟರ್ ಮೇಡಂ ಫೋನು ಮಾಡಿದರು.

"ಏನಮ್ಮಾ, ಇವತ್ತು ಊರಿನವರಿಗೆಲ್ಲ ಒಂದೇ ಕಡೆ ತೂತು ಬಿದ್ದಿದೆಯಾ? ಅಜ್ಜನ ಸೊಂಟದಲ್ಲೂ ಅದೇ ಚುಕ್ಕೆ, ಮಗು ಮೊಣಕೈಯಲ್ಲೂ ಅದೇ ಚುಕ್ಕೆ!"

ಹೋಗಿ ನೋಡಿದೆ. ನಮ್ಮ ಯಂತ್ರಕ್ಕೂ ಆಗಾಗ ಖಾಲಿ ಫೋಟೊ ತೆಗೆದು ಲೆಕ್ಕ ಕಲಿಸಬೇಕಾಗುತ್ತದೆ. ಹಿಂದಿನ ಸಂಜೆಯ ಪಾಳಿಯವರು ಅದನ್ನು ಮಾಡುವಾಗ ಪ್ಲೇಟಿನ ಮೇಲೆ ಎಕ್ಸ್‌ರೇ ತಡೆಯುವ ಔಷಧದ ಒಂದು ಹನಿ ಬಿದ್ದಿತ್ತು. ಆಮೇಲೆ ಯಾರೋ ಶುಚಿವಂತರು ಹನಿಯನ್ನು ಒರೆಸಿದ್ದರು. ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು? ಇಲ್ಲದ ಹನಿಯನ್ನು ಸರಿಪಡಿಸಲು ಹೋಗಿ ಬೆಳಗ್ಗಿನಿಂದ ಎಲ್ಲರ ಮೈಯಲ್ಲೂ ಒಂದು ಚುಕ್ಕೆ ಹುಟ್ಟಿಸುತ್ತಿತ್ತು. ಜೊತೆಯವರೊಂದಿಗೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿರುವಾಗಲೇ ನಮ್ಮ ಬಿಳಿ ಫೋಟೊ ನೆನಪಾಯಿತು.

ನಾವು ಬಿಳಿ ಫೋಟೊ ತೆಗೆದದ್ದು ಒಂದೇ ಸಲ, ಆಕಾಶದ ಫೋಟೊ ಶುರುಮಾಡುವ ಹಿಂದಿನ ದಿನ ಸಂಜೆ. ಕ್ಯಾಮೆರಾ ಕದಲಿಸದಿದ್ದರೆ ಅಷ್ಟೇ ಸಾಕು ಎಂದು ಅಪ್ಪ ಅದನ್ನು ಬಿಗಿದು ಟೇಪು ಸುತ್ತಿದ್ದ. ಮರುದಿನ ಬೆಳಗ್ಗೆ ನಾನು ಎಂದಿನಂತೆ ಒರೆಸುತ್ತಿದ್ದಾಗ ಕ್ಯಾಮೆರಾದ ಮುಂದಿನ ಬಣ್ಣದ ಗಾಜಿನ ನಟ್ಟನಡುವೆ ಒಂದು ಧೂಳಿನ ಕಣ ಕಂಡಿತ್ತು. ರಬ್ಬರಿನ ಊದುಬುಡ್ಡೆಯಿಂದ ಪುಸಕ್ಕೆಂದು ಊದಿ ಹಾರಿಸಿದ್ದೆ. ಎಷ್ಟು ಚೊಕ್ಕಟ ಹೆಂಗಸು ನಾನು ಎಂದು ಹೆಮ್ಮೆಯನ್ನೂ ಪಟ್ಟಿದ್ದೆ.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಅಪ್ಪ ಒಳಗೆ ಗಾಜು ಉಜ್ಜುವ ಸದ್ದು ಕೇಳುತ್ತಿತ್ತು. ಆರನೆಯ ರಾತ್ರಿ ದಕ್ಷಿಣಕ್ಕೆ ಮೋಡ ಕವಿದಿದ್ದಾಗ, ಮೋಟರು ಸರಿಯಿದೆಯೇ ನೋಡಲು ಉತ್ತರದ ಖಾಲಿ ಆಕಾಶದ ಮೂವತ್ತು ಫೋಟೊ ತೆಗೆದಿದ್ದೆವು. ಅವನ್ನು ಅದೇ ಬಿಳಿ ಫೋಟೊದಿಂದ ಸರಿದೂಗಿಸಿ ಕೂಡಿಸಿದೆ. ಪರದೆಯ ನಡುವೆ ಮಸುಕಾದ ಉಂಗುರ ಬಂತು, ಅದೇ ಅಳತೆಯದು. ಒಳಗೆ ನೀಹಾರಿಕೆ ಇರಲಿಲ್ಲ. ಅಪ್ಪನ ಎರಡನೆಯ ಉಂಗುರ ನಾನು ಊದಿ ಹಾರಿಸಿದ ಧೂಳು.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಕಂಪ್ಯೂಟರು ಮುಚ್ಚಿ ಟೀ ಮಾಡಿದೆ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಫೋಟೊ ತೆಗೆಯುವವರು ಫೋಟೊದಲ್ಲಿ ಏನಿದೆ ಎಂದು ಬಾಯಿ ಬಿಡಬಾರದು. ಅದು ಡಾಕ್ಟರ ಕೆಲಸ. "ಹೇಗಿದೆ ಸಿಸ್ಟರ್?" ಎಂದು ರೋಗಿಗಳು ಕೇಳುತ್ತಾರೆ. "ಫೋಟೊ ಚೆನ್ನಾಗಿ ಬಂದಿದೆ. ಡಾಕ್ಟರ್ ಹೇಳ್ತಾರೆ" ಎನ್ನುತ್ತೇವೆ. ಸುಳ್ಳೇನಲ್ಲ, ಅಲುಗಾಡದೆ ಬಂದಿದ್ದರೆ ಚೆನ್ನಾಗಿ ಬಂದಂತೆಯೇ. ಎಂಥದ್ದು ಕಂಡರೂ ಮುಖದ ಒಂದು ಗೆರೆಯೂ ಕದಲದಂತೆ ಇಪ್ಪತ್ತೆರಡು ವರ್ಷದಲ್ಲಿ ಪಳಗಿದ್ದೇನೆ. ಅದೇ ಮುಖ ಹೊತ್ತುಕೊಂಡು ಮನೆಯಲ್ಲೂ ಓಡಾಡಿದೆ. ವಿಜ್ಞಾನಿ ಬರುತ್ತಾರಲ್ಲ, ಅವರೇ ನೋಡಿ ಹೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತುಂಬಿದ ಸಭೆಯಲ್ಲಿ ಹೇಳುತ್ತಾರೆ ಎಂಬುದನ್ನು ಯೋಚಿಸದೆ ಪಕ್ಕಕ್ಕಿಟ್ಟೆ.

ಸೋಮವಾರ ಗಂಡ ಮನೆಗೆ ಬಂದಾಗ ಅವರೊಬ್ಬರಿಗೆ ಹೇಳಿದೆ.

"ಮುಂದೆ ಕೆಂಪು ದೀಪ ಇದೆ ಅಂತ ಗೊತ್ತಿದ್ದೂ ಡ್ರೈವರಿಗೆ ಹೇಳದೆ ಕೂತಿದೀಯಲ್ಲೇ," ಎಂದರು. "ಇವತ್ತೇ ಹೇಳು."

"ಅಪ್ಪನ ಮುಖ ನೋಡಿದೀರಾ ನೀವು? ಬಾತ್‌ರೂಮಿನಲ್ಲಿ ಭಾಷಣ ಅಭ್ಯಾಸ ಮಾಡ್ತಿದಾನೆ."

"ಅದಕ್ಕೇ ಹೇಳು ಅಂದಿದ್ದು."

ಅವರು ಮತ್ತೆ ಡ್ಯೂಟಿಗೆ ಹೋದರು. ನಾನು ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ.

ಶುಕ್ರವಾರ ಸಂಜೆ ನಾನು ಬರುವ ಹೊತ್ತಿಗೆ ಅಪ್ಪ ನೀಹಾರಿಕೆಯ ದೊಡ್ಡ ಪ್ರಿಂಟು ಮಾಡಿಸಿ ತಂದು ಗೋಡೆಗೆ ಒರಗಿಸಿದ್ದ. ಹೊಸ ಕನ್ನಡಕ ಹಾಕಿಕೊಂಡಿದ್ದ. ಅದು ಅವನಿಗೆ ಒಪ್ಪಿತ್ತು.

"ಹೇಗಿದೆ?"

"ಚೆನ್ನಾಗಿ ಬಂದಿದೆ ಅಪ್ಪ."

ಅಪ್ಪ ಪ್ರಿಂಟು ಬಿಟ್ಟು ನನ್ನನ್ನು ನೋಡತೊಡಗಿದ. ಆಮೇಲೆ ಕುರ್ಚಿ ಎಳೆದು ಕೂತ.

"ಏನಾಗಿದೆ ಇದರಲ್ಲಿ?"

"ಯಾಕೆ ಹಾಗೆ ಕೇಳ್ತೀಯ?"

"ನಿಮ್ಮಮ್ಮನ ಎದೆ ಫೋಟೊ ತೆಗೆದು ಹೊರಗೆ ಬಂದೆಯಲ್ಲ, ಅವತ್ತು ಬೆಂಚಿನ ಮೇಲೆ ಕೂತು ಇದೇ ಮಾತು ಕೇಳಿದೆ ನಾನು. ಇದೇ ಮುಖ ಇಟ್ಕೊಂಡು ಚೆನ್ನಾಗಿ ಬಂದಿದೆ ಅಪ್ಪ ಅಂದೆ. ಈಗ ಹೇಳು, ಏನಾಗಿದೆ?"

ಹೇಳಿದೆ. ಧೂಳು, ಊದುಬುಡ್ಡೆ, ಆಸ್ಪತ್ರೆಯ ಹನಿ, ಎಲ್ಲವನ್ನೂ. ಕಾಲು ನಂಬರ್ ಬಾಯಿಮಾತಿಗೆ ಒಪ್ಪುವವನಲ್ಲ. "ತೋರಿಸು" ಎಂದ. ಖಾಲಿ ಆಕಾಶದ ಚಿತ್ರ ತೆರೆದೆ. ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ.

"ಉಂಗುರ ಇದೆ."

"ಇದೆ."

"ಒಳಗೆ ಏನೂ ಇಲ್ಲ."

"ಇಲ್ಲ ಅಪ್ಪ."

"ಇದು ಯಾವತ್ತು ಗೊತ್ತಾಯ್ತು ನಿನಗೆ?"

"ಹೋದ ಗುರುವಾರ."

ಅಪ್ಪ ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿದ. ಅವನು ಕೂಗಾಡುವವನಲ್ಲ, ಸಿಟ್ಟು ಬಂದರೆ ಧ್ವನಿ ಇಳಿಯುತ್ತದೆ.

"ಧೂಳು ಊದಿದ್ದಕ್ಕೆ ನಾನೇನೂ ಅನ್ನಲ್ಲ. ನನ್ನ ಕೈಯಲ್ಲೂ ಎಷ್ಟೋ ಗಾಜು ಒಡೆದಿದೆ. ಆದ್ರೆ ಎಂಟು ದಿನ ನನ್ನ ಎದುರಿಗೇ ಓಡಾಡಿಕೊಂಡಿದ್ದೆಯಲ್ಲ. ನಾನು ಹಳೇ ಅಂಗಡಿಯವರನ್ನೆಲ್ಲ ಸಭೆಗೆ ಕರೆದು ಬಂದೆ. ಅದನ್ನೂ ನೋಡ್ತಾ ಇದ್ದೆ ನೀನು."

"ನಿನಗೆ ಬೇಜಾರಾಗುತ್ತೆ ಅಂತ..."

"ನಿಮ್ಮಮ್ಮನ ವಿಷಯದಲ್ಲಿ ಒಂಬತ್ತು ದಿನ. ಎದೆ ಡಾಕ್ಟರು ಸಿಕ್ಕಿದ್ದು ಒಂಬತ್ತು ದಿನದ ಮೇಲೆ. ಅಷ್ಟರಲ್ಲಿ ಅವಳು, ಅಕ್ಕನ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರೋಣ ಅಂದ್ಲು. ಎರಡು ಸಲ ಅಂದ್ಲು. ರಿಪೋರ್ಟ್ ಬರಲಿ, ಆಮೇಲೆ ನಿಶ್ಚಿಂತೆಯಾಗಿ ಹೋಗೋಣ ಅಂದೆ ನಾನು. ಆಮೇಲೆ ಎಲ್ಲಿ ಹೋಗೋದು? ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ. ಅಕ್ಕತಂಗಿಯರು ಮುಖ ನೋಡ್ಕೊಳ್ಳಲೇ ಇಲ್ಲ."

ಅಮ್ಮ ಆ ಊರಿಗೆ ಹೋಗಬೇಕೆಂದು ಕೇಳಿದ್ದು ನನಗೆ ಗೊತ್ತೇ ಇರಲಿಲ್ಲ. "ಟೆಕ್ನೀಷಿಯನ್ ಹೇಳಬಾರದು ಅಪ್ಪ, ಅದು ನಿಯಮ" ಎಂದೆ. ನನ್ನ ಬಾಯಿಂದ ಬಂದದ್ದು ನನಗೇ ಅಸಹ್ಯವಾಯಿತು.

"ನೀನು ಟೆಕ್ನೀಷಿಯನ್ನಾಗಿ ಹೇಳಬೇಡ. ಮನೆಗೆ ಬಂದು ಮಗಳಾಗಿ ಹೇಳಬಹುದಿತ್ತು," ಎಂದು ಎದ್ದು ಹೋಗಿ ಮಲಗಿದ. ಅಂದು ರಾತ್ರಿ ಅವನೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ.

ಶನಿವಾರ ಅವನು ನನ್ನೊಡನೆ ಆಡಿದ್ದು ಕೆಲಸದ ಮಾತು ಮಾತ್ರ. ಕ್ಯಾಮೆರಾವನ್ನು ಯಾರೂ ಕದಲಿಸಿರಲಿಲ್ಲ; ಬಿಳಿ ಬಟ್ಟೆ ಬಿಗಿದು ಹೊಸದಾಗಿ ಬಿಳಿ ಫೋಟೊ ತೆಗೆದೆವು. ಹನ್ನೆರಡು ರಾತ್ರಿಯ ಫೋಟೊಗಳನ್ನು ಮತ್ತೆ ಸರಿದೂಗಿಸಿ ಕೂಡಿಸಲು ಸಂಜೆಯಾಯಿತು. ಹೊರಗಿನ ಉಂಗುರ ಹೋಯಿತು. ಒಳಗಿನದು ಮೊದಲಿಗಿಂತ ಚೆನ್ನಾಗಿ, ಅಂಚಿನ ಎಳೆಗಳ ಸಮೇತ ಉಳಿಯಿತು. ಅಪ್ಪ ಕಾರ್ಯದರ್ಶಿಗೆ ಫೋನು ಮಾಡಿ, "ವಿಷಯ ಬದಲಾಗಿದೆ. ಆದ್ರೂ ಮಾತಾಡ್ತೀನಿ" ಎಂದಷ್ಟೇ ಹೇಳಿದ. ಅಂಗಡಿಯವರಿಗೆ ಬರಬೇಡಿ ಎನ್ನಲೂ ಇಲ್ಲ.

ಭಾನುವಾರ ಸಭೆಯಲ್ಲಿ ನೂರು ಜನ ಇದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದ್ದು ನಿಂತು ಎರಡೂ ಚಿತ್ರ ತೋರಿಸಿದ.

"ಆಕಾಶದಲ್ಲಿರೋದು ಒಂದೇ ಉಂಗುರ," ಎಂದ. "ಇನ್ನೊಂದು ನಮ್ಮ ಮನೆ ಧೂಳು. ಇಂಥ ತಪ್ಪು ನಿಮ್ಮಲ್ಲಿ ಯಾರು ಬೇಕಾದ್ರೂ ಮಾಡಬಹುದು. ಹೇಗೆ ಮಾಡಿದೆವು ಅಂತ ಹೇಳ್ತೀನಿ, ಕೇಳಿ."

ಮುಂದಿನ ಸಾಲಿನಲ್ಲಿ ಯಾರೋ, ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಎಂದರು. ನಗು ಎದ್ದಿತು. ಅಪ್ಪನ ಕಿವಿ ಕೆಂಪಗಾಯಿತು, ಮಾತು ಮಾತ್ರ ತಪ್ಪಲಿಲ್ಲ. "ನಮ್ಮಿಂದ ತಪ್ಪಾಯ್ತು" ಎಂದು ಮತ್ತೊಮ್ಮೆ ಅವನು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ನಮ್ಮಿಂದ ಅಲ್ಲ, ನನ್ನಿಂದ. ಧೂಳು ಊದಿದವಳು ನಾನು. ಗೊತ್ತಾದ ಮೇಲೂ ಎಂಟು ದಿನ ಅಪ್ಪನಿಗೆ ಹೇಳದೇ ಇದ್ದವಳೂ ನಾನೇ."

ಕೊನೆಗೆ ವಿಜ್ಞಾನಿ ಆ ಖಾಲಿ ಆಕಾಶದ ಚಿತ್ರವನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ತಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಒಂದು ಪ್ರತಿ ಕೇಳಿದರು. ಚಪ್ಪಾಳೆ ಬಿತ್ತು, ಅಂಥ ಜೋರೇನಲ್ಲ. ಅಪ್ಪ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.

ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯ ಕಡೆ, ನಾನು ಈಚೆ. ಸುಮಾರು ದೂರ ಬಂದ ಮೇಲೆ ಕೇಳಿದ, "ಅವತ್ತು ನಿಮ್ಮಮ್ಮನ ಫೋಟೊದಲ್ಲಿ ಏನು ನೋಡಿದೆ? ಡಾಕ್ಟರ್ ಹೇಳಿದ್ದು ಬೇಡ. ನೀನು ನೋಡಿದ್ದು ಹೇಳು."

ಆರು ವರ್ಷ ನಾನು ಇದನ್ನು ಗಂಡನ ಹತ್ತಿರವೂ ಆಡಿರಲಿಲ್ಲ.

"ಬಲಗಡೆ, ಮೇಲೆ. ಇಷ್ಟು ದೊಡ್ಡದು," ಎಂದು ಬೆರಳಲ್ಲಿ ತೋರಿಸಿದೆ. "ಪರದೆ ಮೇಲೆ ಬಂದ ತಕ್ಷಣ ಗೊತ್ತಾಯ್ತು. ಎದೆ ಫೋಟೊಗೆ ಉಸಿರು ಎಳೆದು ಹಿಡ್ಕೊಳ್ಳಿ ಅಂತೀವಲ್ಲ, ಫೋಟೊ ಆದ ಮೇಲೆ ಬಿಡಿ ಅನ್ನಬೇಕು. ನಾನು ಅದನ್ನ ನೋಡ್ತಾ ಬಿಡು ಅನ್ನೋದನ್ನೇ ಮರೆತುಬಿಟ್ಟೆ ಅಪ್ಪ. ಅಮ್ಮ ಹಾಗೇ ಹಿಡ್ಕೊಂಡು ನಿಂತಿದ್ಲು. ಆಮೇಲೆ ಅವಳೇ ಒಳಗಿಂದ ಕೂಗಿದ್ಲು, ಮಗಾ, ಬಿಡ್ಲಾ ಅಂತ."

ನನಗೆ ಅಳು ಬಂತು. ಬಸ್ಸಿನಲ್ಲಿದ್ದವರು ನೋಡಿದರು, ನೋಡಲಿ ಎಂದು ಅತ್ತೆ. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

"ಎಷ್ಟು ಹೊತ್ತು ಹಿಡ್ಕೊಂಡಿದ್ಲು?"

"ಅರ್ಧ ನಿಮಿಷ ಇರಬಹುದು. ಜಾಸ್ತಿಯೇ ಇರಬಹುದು."

"ಅಷ್ಟು ಹೊತ್ತು ಹಿಡಿಯೋಕೆ ಆಗ್ತಿತ್ತಾ ಅವಳಿಗೆ ಆಗ?"

"ಆಗ್ತಿತ್ತು."

"ಹಾಗಾದ್ರೆ ಅಕ್ಕನ ಊರಿಗೆ ಹೋಗಿ ಬರೋಕೂ ಆಗ್ತಿತ್ತು."

"ಆಗ್ತಿತ್ತು ಅಪ್ಪ," ಎಂದೆ.